ಏಳನೇ ನಂಬರಿನ ಕೂಗು

ರಾಜಾಜಿನಗರ, ಬೆಂಗಳೂರು
9 ಜೂನ್ 2025

ಸೀತಾ,

ಈ ಕಾಗೆ ಕಾಲಿನ ಅಕ್ಷರ ಯಾರದು ಎಂದು ತಲೆ ಕೆಡಿಸಿಕೊಳ್ಳಬೇಡ. ಹೊನ್ನಹಟ್ಟಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಿಮ್ಮ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಮನೆಯ ನಾಣಿ. ನಿಮ್ಮಪ್ಪ ಡ್ರೈವರ್ ಸುಬ್ರಮಣಿ ಮಾವ ಎಂಜಿನ್ ಓಡಿಸುತ್ತಿದ್ದರೆ ಪಕ್ಕದಲ್ಲಿ ನಿಂತು ಕಲ್ಲಿದ್ದಲು ಎಸೆಯುತ್ತಿದ್ದ ಫೈರ್‌ಮನ್ನಿನ ಮಗ. ಹೋದ ತಿಂಗಳು ವಿಜಯನಗರದಲ್ಲಿ ಒಂದು ಮದುವೆಗೆ ಹೋಗಿದ್ದಾಗ ನಿನ್ನ ತಂಗಿ ಮಗಳು ಗಗನಾ ಸಿಕ್ಕಳು. ನೀನು ಚಿತ್ರದುರ್ಗದಲ್ಲಿ ಸಂಗೀತ ಟೀಚರ್ ಆಗಿ ರಿಟೈರ್ ಆದೆಯಂತೆ, ಅವಳು ಈಗ ನಿನ್ನ ಜೊತೆಯಲ್ಲೇ ಇದ್ದುಕೊಂಡು ಬ್ಯಾಂಕಿಗೆ ಹೋಗುತ್ತಾಳಂತೆ. ನಿನ್ನ ನಂಬರ್, ವಿಳಾಸ ಎರಡೂ ಕೊಟ್ಟಳು. ಎಷ್ಟು ಸಲ ಫೋನ್ ಮಾಡಿದರೂ ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದ. ಪೋಸ್ಟ್ ಆಫೀಸಿನಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದರೆ ಕೌಂಟರಿನ ಹುಡುಗಿ ನನ್ನನ್ನು ಮ್ಯೂಸಿಯಂನಿಂದ ತಪ್ಪಿಸಿಕೊಂಡು ಬಂದವನ ಹಾಗೆ ನೋಡಿದಳು.

ವಿಷಯ ಇದು. ನಮ್ಮ ಸಣ್ಣ ರೈಲಿನ ಏಳನೇ ನಂಬರ್ ಎಂಜಿನ್ ಬದುಕಿದೆ ಕಣೆ! ಎರಡೂವರೆ ಅಡಿ ಹಳಿಯನ್ನು ಕಿತ್ತಾಗ ಅದನ್ನು ಒಂದು ಸಕ್ಕರೆ ಕಾರ್ಖಾನೆಯವರು ಕಬ್ಬು ಎಳೆಯುವುದಕ್ಕೆಂದು ಕೊಂಡಿದ್ದರು. ಆಮೇಲೆ ಅಲ್ಲೇ ಷೆಡ್ಡಿನ ಹಿಂದೆ ಲಂಟಾನ ಪೊದೆಯೊಳಗೆ ನಿಂತುಬಿಟ್ಟಿತ್ತು. ಈಗ ಅಲ್ಲಿಯ ಎಂಜಿನಿಯರ್ ಸಿದ್ಧಾರ್ಥ ಅಂತ ಒಬ್ಬ ಹುಡುಗ, ಕಾರ್ಖಾನೆಯ ಹಳಬರನ್ನೆಲ್ಲ ಸೇರಿಸಿಕೊಂಡು, ಬಾಯ್ಲರ್ ರಿಪೇರಿ ಮಾಡಿಸಿದ್ದಾನೆ. ಡಿಸೆಂಬರ್ 14, ಭಾನುವಾರ, ಕಾರ್ಖಾನೆ ಅಂಗಳದಲ್ಲಿ ಅದು ಮತ್ತೆ ಓಡುತ್ತದೆ. ಎಲ್ಲ ಇದೆ, ವಿಶಲ್ ಇಲ್ಲ. ಹಿತ್ತಾಳೆ ನೋಡು, ಯಾವನೋ ಪುಣ್ಯಾತ್ಮ ಎಂದೋ ಬಿಚ್ಚಿಕೊಂಡು ಹೋಗಿದ್ದಾನೆ. ನಾನು ಇಲ್ಲಿ ಇಂಡಸ್ಟ್ರಿಯಲ್ ಟೌನಿನಲ್ಲಿ ಎರಡು ಲೇತ್ ಹಾಕಿಕೊಂಡು ತಲೆ ಬೆಳ್ಳಗೆ ಮಾಡಿಕೊಂಡವನು. ಆ ವಿಶಲ್ ನಾನೇ ಮಾಡುತ್ತೇನೆ ಎಂದು ಎದೆ ತಟ್ಟಿ ಹೇಳಿ ಬಂದಿದ್ದೇನೆ.

ನಿನ್ನಿಂದ ಆಗಬೇಕಾದದ್ದು ಎರಡು ಕೆಲಸ. ವಿಶಲ್ ತಯಾರಾದ ಮೇಲೆ ಅದರ ಕೂಗು ಕೇಳಿ, ಸರಿಯೋ ಅಲ್ಲವೋ ಹೇಳಬೇಕು. ಆ ಕೂಗಿನ ನೆನಪು ನಿನಗಿಂತ ಚೆನ್ನಾಗಿ ಇರುವವರು ಭೂಮಿ ಮೇಲೆ ಇನ್ಯಾರೂ ಇಲ್ಲ. ಆಮೇಲೆ ಆ ದಿನ ಬಂದು ಪ್ರಾರ್ಥನೆ ಹಾಡಬೇಕು. ಇಲ್ಲ ಅನ್ನಬೇಡ.

ನಾಣಿ


ಚಿತ್ರದುರ್ಗ
24 ಜೂನ್ 2025

ನಾಣಿ,

ನಿನ್ನ ಕಾಗದ ಓದುತ್ತಾ ಅಡುಗೆಮನೆಯಲ್ಲೇ ಕುಳಿತುಬಿಟ್ಟೆ. ಸಾರು ಉಕ್ಕಿ ಒಲೆಯೆಲ್ಲ ರಾಡಿಯಾಯಿತು. ಆ ಒಲೆ ಒರೆಸಿದ ಶ್ರಮವನ್ನೂ ನಿನ್ನ ಲೆಕ್ಕಕ್ಕೇ ಬರೆದುಕೋ. ಏಳನೇ ನಂಬರು! ಅದು ಎಂದೋ ಗುಜರಿಗೆ ಹೋಗಿ ಯಾರ ಮನೆಯದೋ ಕಿಟಕಿ ಕಂಬಿಯಾಗಿರಬೇಕು ಎಂದುಕೊಂಡಿದ್ದೆ.

ಕೂಗಿನ ವಿಷಯ ನೀನು ಹೇಳಿದ್ದು ನಿಜ. ಅಪ್ಪನ ಸಂಬಳದಲ್ಲಿ ನನಗೊಂದು ಶ್ರುತಿಪೆಟ್ಟಿಗೆ ಕೊಡಿಸುವುದು ಆಗದ ಮಾತಾಗಿತ್ತು. ಸಂಜೆ ಗಾಡಿ ಷೆಡ್ಡಿಗೆ ಬರುವಾಗ ಕ್ವಾರ್ಟರ್ಸಿನ ತಿರುವಿನಲ್ಲಿ ಉದ್ದಕ್ಕೆ ಒಂದು ಕೂಗು ಹಾಕಿಸುತ್ತಿದ್ದರು. ನಾನು ಹಿತ್ತಲಲ್ಲಿ ನಿಂತು ಅದನ್ನೇ ಹಿಡಿದು 'ಸ' ಹೇಳಬೇಕು. ಅವರು ಎಂಜಿನ್ ಒಪ್ಪಿಸಿ ಮನೆಗೆ ಬರುವವರೆಗೂ ಬಿಡಬಾರದು. ಬಂದವರು ಬಾಗಿಲಲ್ಲಿ ನಿಂತು ಕೇಳಿ, "ಹೂಂ, ಜಾರಿಲ್ಲ" ಅನ್ನುತ್ತಿದ್ದರು. ಅದು ಬಿಟ್ಟರೆ ಅವರು ನನ್ನನ್ನು ಹೊಗಳಿದ್ದು ನೆನಪಿಲ್ಲ. ಮುಂದೆ ಮೇಷ್ಟ್ರ ಹತ್ತಿರ ಪಾಠಕ್ಕೆ ಸೇರಿದಾಗ ಅವರು ಹಾರ್ಮೋನಿಯಂನ ಮನೆಗಳನ್ನು ಒಂದೊಂದಾಗಿ ಒತ್ತಿ ನೋಡಿ, "ಐದೂವರೆ ಮನೆ ಶ್ರುತಿ. ಎಲ್ಲಿಂದ ತಂದ್ಯಮ್ಮ ಇದನ್ನ?" ಎಂದು ಕೇಳಿದ್ದರು. ರೈಲಿನಿಂದ ಎಂದೆ. ಅಂದಿನಿಂದ ನಾನು ಹಾಡಿದ್ದೆಲ್ಲ ಆ ಶ್ರುತಿಯಲ್ಲೇ.

ವಿಶಲ್ ಮಾಡು, ಖಂಡಿತ ಕೇಳಿ ಹೇಳುತ್ತೇನೆ. ಬರುವುದಕ್ಕೆ ಮಾತ್ರ ಆಗುವುದಿಲ್ಲ. ಮಂಡಿ ನೋವು. ಪಾಠಗಳನ್ನೂ ನಿಲ್ಲಿಸಿದ್ದೇನೆ, ವಯಸ್ಸಾಯಿತಲ್ಲ. ಮನೆಯೊಳಗೆ ಫೋನಿನ ಸಿಗ್ನಲ್ ಸರಿಯಿಲ್ಲ, ಕಾಗದವೇ ಬರೆ.

ಸೀತಾ


ರಾಜಾಜಿನಗರ
15 ಜುಲೈ 2025

ಸೀತಾ,

ಮಂಡಿ ನೋವಂತೆ! ನನ್ನ ಹೆಂಡತಿ ಶುಭಾಗೆ ಎರಡೂ ಮಂಡಿ ಹೋಗಿ ಕೂತಿವೆ, ಆದರೂ ನವರಂಗ್‌ನಿಂದ ಬಸವೇಶ್ವರನಗರಕ್ಕೆ ಸೊಪ್ಪು ಅಗ್ಗ ಅಂತ ನಡೆದುಕೊಂಡು ಹೋಗುತ್ತಾಳೆ. ನಾನೇ ಕಾರು ತಂದು ಕರೆದುಕೊಂಡು ಹೋಗುತ್ತೇನೆ. ನೀನು ಕಾಲು ಚಾಚಿಕೊಂಡು ಕೂತಿದ್ದರೆ ಸಾಕು.

ವಿಶಲ್ಲಿನ ಅಳತೆ ಸಿಕ್ಕಿತು. ಅದೊಂದು ದೊಡ್ಡ ಕಥೆ. ನಮ್ಮ ಏಳನೇ ನಂಬರಿನ ಜೊತೆಗೇ ಮೂರನೇ ನಂಬರನ್ನೂ ಕಾರ್ಖಾನೆ ಕೊಂಡಿತ್ತು. ಅದನ್ನು ಬಿಡಿಭಾಗಕ್ಕೆಂದು ಕತ್ತರಿಸಿ ಹಾಕಿದರು. ಅದರದೂ ಇದೇ ಅಳತೆಯ ವಿಶಲ್. ಈಗ ಅದು, ಆಗಿನ ಮ್ಯಾನೇಜರ ಮಗ ಯೋಗಾನಂದ ಅಂತ, ದೀಪಾಂಜಲಿ ನಗರದಲ್ಲಿದ್ದಾರೆ, ಅವರ ಮನೆಯ ಷೋಕೇಸಿನಲ್ಲಿ ಗಣೇಶನ ಪಕ್ಕ ಕೂತಿದೆ. ಉದ್ದಕ್ಕೂ ಬಿರುಕು ಬಿಟ್ಟಿದೆ, ಊದಿದರೆ ಕೂಗುವುದಿಲ್ಲ. "ಮುಟ್ಟಬಹುದು ಸಾರ್, ತಗೊಂಡು ಹೋಗೋ ಹಾಗಿಲ್ಲ" ಎಂದರು. ಅವರ ಸೋಫಾದ ಮೇಲೇ ಪೇಪರ್ ಹಾಸಿ, ವರ್ನಿಯರ್ ಹಿಡಿದು ಅಳತೆ ತೆಗೆದೆ. ಅವರ ಮನೆಯವರು ಎರಡು ಸಲ ಕಾಫಿ ಕೊಟ್ಟು, ಮೂರನೇ ಸಲ ಗಡಿಯಾರ ನೋಡಿದರು.

ಎಂಜಿನ್ ಪಕ್ಕ ನಿಲ್ಲಿಸುವ ಫಲಕಕ್ಕೆ ಈ ಎಂಜಿನ್ನುಗಳ ಚರಿತ್ರೆಯನ್ನೂ ನನ್ನ ಕೈಯಲ್ಲೇ ಬರೆಸುತ್ತಿದ್ದಾರೆ. ಎಚ್ ವರ್ಗ, ಒಟ್ಟು ಎಂಟು. ಹಡಗಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದು, ಹೊನ್ನಹಟ್ಟಿಯ ಹುಣಸೆಮರದ ಕೆಳಗೆ ಜೋಡಣೆಯಾದವು. ಒಂದು ಮತ್ತು ಎರಡನ್ನು ಮೊದಲನೇ ಮಹಾಯುದ್ಧಕ್ಕೆ ಕೊಂಡೊಯ್ದರು, ವಾಪಸ್ಸು ಬರಲಿಲ್ಲ. ಎಂಟನೆಯದು ಕೆರೆ ಏರಿ ಒಡೆದಾಗ ನೀರಿಗೆ ಬಿತ್ತು, ಎತ್ತುಗಳನ್ನು ಕಟ್ಟಿ ಎಳೆದರು. ಆರರ ಬಾಯ್ಲರನ್ನು ನಾಲ್ಕಕ್ಕೆ ಹಾಕಿದರು. ಐದಕ್ಕೆ ಕಲ್ಲಿದ್ದಲು ಎಂದರೆ ಆಗುತ್ತಿರಲಿಲ್ಲ, ಸೌದೆ ಹಾಕಿದರೆ ಕುಣಿದುಕೊಂಡು ಹೋಗುತ್ತಿತ್ತು. ಒಂದೇ ನಕ್ಷೆ, ಒಂದೇ ಅಳತೆ, ಆದರೂ ಒಂದೊಂದಕ್ಕೆ ಒಂದೊಂದು ಬುದ್ಧಿ. ನಮ್ಮ ಏಳರ ಬುದ್ಧಿ ಹೇಗಿತ್ತು, ನೀನು ಬರೆದು ಕಳಿಸು.

ಇನ್ನೊಂದು ಮಾತು. ನೀನು ಈಗ ದೊಡ್ಡ ವಿದುಷಿ. ಫಲತಾಂಬೂಲ ಹಿಡಿದು ಮನೆಗೇ ಬಂದು ಕರೆಯಬೇಕಿದ್ದರೆ ಅದನ್ನಾದರೂ ಬಾಯಿಬಿಟ್ಟು ಹೇಳು.

ನಾಣಿ


ಚಿತ್ರದುರ್ಗ
2 ಆಗಸ್ಟ್ 2025

ನಾಣಿ,

ಏಳರ ಬುದ್ಧಿ: ಏರಿನಲ್ಲಿ ಮುನಿಸು, ಇಳಿಜಾರಿನಲ್ಲಿ ಅವಸರ. ಮಳೆ ಬಂದರೆ ಗಾಲಿ ಜಾರುತ್ತಿತ್ತು. ಅಪ್ಪ ಅದನ್ನು "ತಾಯಿ" ಎಂದು ಕರೆದು ಬೇಡಿಕೊಳ್ಳುತ್ತಿದ್ದರು, ನಿಮ್ಮಪ್ಪ ಬಯ್ಯುತ್ತಿದ್ದರು. ಬೈಗುಳಕ್ಕೇ ಹೆಚ್ಚು ಬಗ್ಗುತ್ತಿತ್ತು. ಫಲಕದಲ್ಲಿ ಇದನ್ನೆಲ್ಲ ಹಾಕಬೇಡ.

ಪ್ರಾರ್ಥನೆಗೆ ಅಲ್ಲಿಯವರೇ ಯಾರಾದರೂ ಮಕ್ಕಳಿರುತ್ತಾರೆ, ಅವರಿಂದ ಹಾಡಿಸು. ಫಲತಾಂಬೂಲದ ಮಾತು ಬೇಡವಾಗಿತ್ತು.

ಸೀತಾ


ರಾಜಾಜಿನಗರ
11 ಸೆಪ್ಟೆಂಬರ್ 2025

ಸೀತಾ,

ಹೋದ ಕಾಗದದಲ್ಲಿ ಸಿಡುಕಿದ್ದೀಯ. ಕ್ಷಮಿಸು. ನಾನು ಮಾತಾಡುವುದೇ ಹಾಗೆ, ಯೋಚನೆ ಮುಂದಿನ ಬಸ್ಸಿಗೆ ಬರುತ್ತದೆ.

ವಿಶಲ್ ಆಯಿತು! ಎರಕ ಹೊಯ್ಯಿಸಿ ತಂದು, ನಮ್ಮ ಟರ್ನರ್ ಮುತ್ತುರಾಜ ಮೂರು ದಿನ ಲೇತಿನ ಮುಂದೆ ಧ್ಯಾನಕ್ಕೆ ಕೂತವನ ಹಾಗೆ ಕೂತು ತಿರುಗಿಸಿದ. ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಂಪ್ರೆಸರ್ ಪೈಪು ಜೋಡಿಸಿ ಊದಿಸಿದೆವು. ಪಕ್ಕದ ವೆಲ್ಡಿಂಗ್ ಷಾಪಿನವನು ಎದ್ದು ಓಡಿಬಂದ. ರೆಕಾರ್ಡ್ ಮಾಡಿ ಗಗನಾ ಫೋನಿಗೆ ಕಳಿಸಿದ್ದೇನೆ. ಕೇಳು, ಕೇಳಿ ಒಂದು "ಹೂಂ" ಅಂತಲಾದರೂ ಬರೆ.

ಈಗ ಬಯ್ಯಬೇಡ. ಆಹ್ವಾನ ಪತ್ರಿಕೆ ಅಚ್ಚಾಗಿದೆ. ಜೊತೆಗೆ ಇಟ್ಟಿದ್ದೇನೆ. ಪ್ರಾರ್ಥನೆ: ವಿದುಷಿ ಸೀತಾ, ಡ್ರೈವರ್ ಸುಬ್ರಮಣಿಯವರ ಪುತ್ರಿ. ನೀನು ಒಪ್ಪಿಯೇ ಒಪ್ಪುತ್ತೀಯ ಎಂದು ನಾನೇ ಹೇಳಿ ಹಾಕಿಸಿದೆ. ನಿಮ್ಮಪ್ಪನ ಹೆಸರು ಆ ಎಂಜಿನ್ನಿನ ಜೊತೆ ಅಚ್ಚಾಗಿದ್ದು ಇದೇ ಮೊದಲು ಕಣೆ.

ನಾಣಿ


ಚಿತ್ರದುರ್ಗ
20 ಸೆಪ್ಟೆಂಬರ್ 2025

ನಾಣಿ,

ರೆಕಾರ್ಡ್ ಕೇಳಿದೆ. ಒಂದೇ ಸಲ ಕೇಳಿದ್ದು. ಗಗನಾ ಇನ್ನೊಮ್ಮೆ ಹಾಕಲೇ ಎಂದಳು, ಬೇಡವೆಂದೆ.

ಅದು ನಾಲ್ಕು ಮನೆ ಶ್ರುತಿಯಲ್ಲಿದೆ. ನಿನಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಅಪ್ಪನ ಎಂಜಿನ್ ಕೂಗುತ್ತಿದ್ದುದಕ್ಕಿಂತ ಒಂದೂವರೆ ಮನೆ ಕೆಳಗೆ. ಇದು ಹೇಗೆ ಆಯಿತೆಂದು ನನಗೆ ಗೊತ್ತು. ನಿನಗೂ ಗೊತ್ತು.

ಎರಡು ವರ್ಷದ ಹಿಂದೆ ಥೈರಾಯ್ಡಿನ ಗಂಟು ತೆಗೆಸಿಕೊಂಡೆ. ಡಾಕ್ಟರು ಒಳ್ಳೆಯವರು, ಮೊದಲೇ ಎಲ್ಲ ಹೇಳಿದ್ದರು. ಜೀವ ಉಳಿಯಿತು, ದನಿ ಇಳಿಯಿತು. ಐದೂವರೆಯಲ್ಲಿ ಬಾಯಿ ತೆರೆದರೆ ಬರೀ ಉಸಿರು. ನಾಲ್ಕು ಮನೆಯಲ್ಲಿ ಹೇಗೋ ಒಂದಿಷ್ಟು ಬರುತ್ತದೆ, ಒಡಕು ಒಡಕಾಗಿ. ಫೋನಿನಲ್ಲಿ ನನ್ನನ್ನು ಎಲ್ಲರೂ "ಸಾರ್" ಎನ್ನುತ್ತಾರೆ. ಅದಕ್ಕೇ ಫೋನ್ ಎತ್ತುವುದಿಲ್ಲ, ಸಿಗ್ನಲ್ ಚೆನ್ನಾಗಿಯೇ ಇದೆ. ಪಾಠ ನಿಲ್ಲಿಸಿದ್ದೂ ಇದಕ್ಕೇ. ಮಕ್ಕಳ ಮುಖ ನೋಡಲಾಗುತ್ತಿರಲಿಲ್ಲ.

ಇದನ್ನೆಲ್ಲ ಗಗನಾ ನಿನಗೆ ಹೇಳಿದ್ದಾಳೆ. ಪಾಪ, ಮುದುಕಿಗೆ ಅನುಕೂಲವಾಗಲಿ ಎಂದು ನೀನು ವಿಶಲ್ಲನ್ನೇ ತಗ್ಗಿಸಿ ಮಾಡಿಸಿದ್ದೀಯ. ಎಂಜಿನ್ ಕೂಗಿದರೆ ನನ್ನ ದನಿಗೆ ಹೊಂದಲಿ ಅಂತ. ನಿನ್ನ ಮನಸ್ಸು ಒಳ್ಳೆಯದಿರಬಹುದು. ಆದರೆ ನಾಣಿ, ನನ್ನ ಗಂಟಲು ಹೋಯಿತೆಂದು ಅಪ್ಪನ ಎಂಜಿನ್ನಿನ ಗಂಟಲನ್ನೂ ಯಾಕೆ ಕುಯ್ಯುತ್ತೀಯ? ಆ ಕೂಗೊಂದೇ ನನ್ನದು ಅಂತ ಉಳಿದಿದ್ದು. ಅದಾದರೂ ಇದ್ದ ಹಾಗೇ ಇರಲಿ ಎಂದುಕೊಂಡಿದ್ದೆ. ಮೂರು ದಿನದಿಂದ ಅಳುತ್ತಿದ್ದೇನೆ, ಇದನ್ನೂ ಬರೆದೇ ಹೇಳಬೇಕು ನೋಡು.

ನನ್ನ ಹೆಸರು ತೆಗೆಸು.

ಸೀತಾ


ರಾಜಾಜಿನಗರ
29 ಅಕ್ಟೋಬರ್ 2025

ಸೀತಾ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ಪೂರ್ತಿ ಓದು, ನಡುವೆ ಹರಿದು ಎಸೆಯಬೇಡ.

ಗಗನಾ ನನಗೆ ಒಂದು ಮಾತೂ ಹೇಳಿಲ್ಲ. ಆ ಹುಡುಗಿಯನ್ನು ಬಯ್ಯಬೇಡ. ಆಪರೇಷನ್ ವಿಷಯ ನಿನ್ನ ಕಾಗದದಿಂದಲೇ ನನಗೆ ಗೊತ್ತಾದದ್ದು. ಲೇತ್ ನಾಣಿಯ ಜೊತೆ ಏನು ಮಾತು ಎಂದು ನೀನು ಫೋನ್ ಎತ್ತುತ್ತಿಲ್ಲ ಎಂದುಕೊಂಡು ನಾನು ಒಳಗೊಳಗೇ ಮುನಿಸಿಕೊಂಡಿದ್ದೆ. ಎಂಥ ಕತ್ತೆ ನಾನು. ಕಾಗದ ಓದಿ ಷಾಪಿನ ಷಟರ್ ಎಳೆದುಕೊಂಡು ಒಬ್ಬನೇ ಕೂತುಬಿಟ್ಟೆ.

ಆದರೆ ವಿಶಲ್ಲನ್ನು ನಾನು ತಗ್ಗಿಸಿಲ್ಲ ಮಾರಾಯ್ತಿ. ತಗ್ಗಿಸುವುದು ಏರಿಸುವುದು ಎಲ್ಲ ನನಗೇನು ಗೊತ್ತು? ಯೋಗಾನಂದರ ಮನೆಗೆ ಮತ್ತೆ ಹೋದೆ, ಮತ್ತೆ ಅಳೆದೆ, ಅದೇ ಅಳತೆ. ನಿನ್ನ ಕಿವಿ ತಪ್ಪುವುದಿಲ್ಲ, ನನ್ನ ವರ್ನಿಯರ್ ತಪ್ಪುವುದಿಲ್ಲ. ಕೊನೆಗೆ ನಿನ್ನ ಕಿವಿಯೇ ಸರಿ ಎಂದುಕೊಂಡೆ. ವಿಶಲ್ಲಿನ ಮೇಲಿರುವ, ಗಂಟೆಯಂಥ ಹಿತ್ತಾಳೆ ಕೊಳವೆಯನ್ನು ಗಿಡ್ಡ ಮಾಡಿದರೆ ದನಿ ಏರುತ್ತದಂತೆ. ಮುತ್ತುರಾಜ ಅದನ್ನು ಲೇತಿಗೆ ಕಚ್ಚಿಸಿ, ಟೂಲ್ ಹತ್ತಿರ ತಂದು, "ಸಾರ್, ಕಟ್ ಕೊಡ್ಲಾ? ಒಂದ್ಸಲ ತೆಗೆದ್ರೆ ವಾಪಸ್ ಅಂಟ್ಸಕ್ಕಾಗಲ್ಲ" ಎಂದ. ಅಷ್ಟರಲ್ಲಿ ಶುಭಾ ಊಟದ ಡಬ್ಬಿ ತಂದಳು. ಒಂದು ತಿಂಗಳಿಂದ ನನ್ನ ಗೋಳು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

"ಅಲ್ಲಾ ರೀ, ನಿಮ್ಮ ಎಂಜಿನ್ ಏನು ಕಂಪ್ರೆಸರ್ ಗಾಳೀಲಿ ಓಡ್ತಿತ್ತಾ?" ಎಂದಳು.

ಮುತ್ತುರಾಜ ಟೂಲನ್ನು ಹಿಂದಕ್ಕೆ ಸರಿಸಿದ. ನಮ್ಮ ಷಾಪಿನಲ್ಲಿ ಏನು ಮಾಡಿದರೂ, ವಾಲ್ವ್ ಆಗಲಿ ಪೈಪ್ ಆಗಲಿ, ಕಂಪ್ರೆಸರ್ ಗಾಳಿ ಹಾಯಿಸಿ ಟೆಸ್ಟ್ ಮಾಡಿ ಕೊಡುವುದು. ಕೈ ತಾನಾಗಿಯೇ ಗಾಳಿ ಪೈಪಿಗೆ ಹೋಗುತ್ತದೆ. ಇದು ಹಬೆಯ ವಿಶಲ್ ಎಂಬುದು ಇಬ್ಬರ ತಲೆಗೂ ಹೊಳೆದಿರಲಿಲ್ಲ.

ಹಬೆ ಎಲ್ಲಿ ತರೋಣ? ಮೂಡಲಪಾಳ್ಯದಲ್ಲಿ ಮದುವೆ ಅಡುಗೆ ಕಂಟ್ರಾಕ್ಟರ್ ಸುಧೀಂದ್ರ ಇದ್ದಾರೆ, ಅವರ ಅಡುಗೆಮನೆಯಲ್ಲಿ ಸ್ಟೀಮ್ ಬಾಯ್ಲರ್ ಇದೆ. "ನಾಣಿ ಸಾರ್, ಅದು ಇಡ್ಲಿಗೆ ಇರೋದು, ನಿಮ್ಮ ರೈಲಿಗಲ್ಲ" ಎಂದು ಗೊಣಗಿದರು, ಆದರೂ ಪೈಪ್ ಬಿಚ್ಚಿಕೊಟ್ಟರು. ಜೋಡಿಸಿ ವಾಲ್ವ್ ತಿರುಗಿಸಿದೆ. ಸೀತಾ, ಏನು ಹೇಳಲಿ! ಅಡುಗೆಯವರು ಸೌಟು ಬಿಟ್ಟು ಕಿವಿ ಮುಚ್ಚಿಕೊಂಡರು. ಎದುರುಮನೆ ಆಂಟಿ ಗೇಟಿಗೆ ಬಂದು, "ಯಾವ ಟ್ರೇನ್ ಬಂತ್ರೀ ಇಲ್ಲಿ?" ಎಂದು ಕೂಗಿದರು. ನನಗೆ ಸ್ವರ ಗೊತ್ತಿಲ್ಲ. ಆದರೆ ಅರವತ್ತಾರು ವರ್ಷದ ಗಂಡಸು ಇಡ್ಲಿ ಪಾತ್ರೆಗಳ ನಡುವೆ ನಿಂತು ಅತ್ತುಬಿಟ್ಟೆ. ಹಬೆಯಲ್ಲಿ ಸದ್ದು ಗಾಳಿಗಿಂತ ಬೇಗ ಓಡುತ್ತದಂತೆ, ಅದಕ್ಕೇ ಅದೇ ವಿಶಲ್ ಗಾಳಿಯಲ್ಲಿ ತಗ್ಗಾಗಿಯೂ ಹಬೆಯಲ್ಲಿ ಮೇಲಾಗಿಯೂ ಕೂಗುತ್ತದಂತೆ. ಸಿದ್ಧಾರ್ಥ ಫೋನಿನಲ್ಲಿ ವಿವರಿಸಿದ. ಆ ಇಡ್ಲಿ ಹಬೆಯ ರೆಕಾರ್ಡನ್ನು ಗಗನಾಗೆ ಕಳಿಸಿದ್ದೇನೆ.

ನಿನ್ನ ದನಿ ಒಡಕಾದರೆ ಆಗಲಿ. ನಿನ್ನ ಜೊತೆ ಮಾತಾಡಬೇಕು ಅನ್ನಿಸಿದ್ದು ಆ ದನಿಗಾಗಿ ಅಲ್ಲ. ಇಷ್ಟನ್ನು ಹೇಳಬೇಕಿತ್ತು.

ನಾಣಿ


ಚಿತ್ರದುರ್ಗ
8 ನವೆಂಬರ್ 2025

ನಾಣಿ,

ಹೂಂ. ಇದೇ. ಒಂದು ಎಳೆಯೂ ಜಾರಿಲ್ಲ.

ಶುಭಾ ಅವರಿಗೆ ನನ್ನ ನಮಸ್ಕಾರ ಹೇಳು. ನಿಮ್ಮಿಬ್ಬರಲ್ಲಿ ತಲೆ ಇರುವುದು ಯಾರಿಗೆಂದು ಗೊತ್ತಾಯಿತು. ನಿನ್ನನ್ನು ಅನುಮಾನಿಸಿ ಬರೆದದ್ದಕ್ಕೆ ನಾಚಿಕೆಯಾಗಿದೆ. ಗಗನಾ ಕೈಯಲ್ಲಿ ನೂರು ಸಲ ಹಾಕಿಸಿ ಕೇಳಿದೆ. ಕೇಳಿದಷ್ಟೂ ಸಂತೋಷ, ಕೇಳಿದಷ್ಟೂ ಸಂಕಟ. ಅದು ಇದ್ದಲ್ಲೇ ಇದೆ, ನಾನು ಕೆಳಗಿದ್ದೇನೆ. ಅದರ ಮುಂದೆ ನಿಂತು ಬಾಯಿ ತೆರೆಯುವ ಧೈರ್ಯ ನನಗಿಲ್ಲ. ಬರಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಸೀತಾ


ರಾಜಾಜಿನಗರ
20 ನವೆಂಬರ್ 2025

ಸೀತಾ,

ಉಳಿದಿದ್ದ ಕಾರ್ಡುಗಳಲ್ಲೆಲ್ಲ ನಾನೂ ಶುಭಾನೂ ಕೂತು ನಿನ್ನ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿದೆವು. ಪ್ರಾರ್ಥನೆ ಎಂಬ ಪದ ಹಾಗೇ ಇದೆ, ಎದುರಿಗೆ ಖಾಲಿ. ಹಾಡಬೇಡ. ಹಾಡು ಎಂದು ಯಾರಾದರೂ ಅಂದರೆ ನನ್ನನ್ನು ಕೇಳು. ಬಂದು ಸುಮ್ಮನೆ ಕೂತು ಕೇಳಿಕೊಂಡು ಹೋಗು. 13ನೇ ತಾರೀಖು ಬೆಳಿಗ್ಗೆ ನಾನು ಕಾರು ತೆಗೆದುಕೊಂಡು ದುರ್ಗಕ್ಕೆ ಬರುತ್ತೇನೆ. ಬಾಗಿಲು ತೆಗೆದರೆ ಹೋಗೋಣ, ತೆಗೆಯದಿದ್ದರೆ ಕೋಟೆ ನೋಡಿಕೊಂಡು ವಾಪಸ್ಸಾಗುತ್ತೇನೆ. ನನಗೇನೂ ಬೇಜಾರಿಲ್ಲ.

ಸುಳ್ಳು. ಬೇಜಾರಾಗುತ್ತದೆ. ಬಾ.

ನಾಣಿ


ಚಿತ್ರದುರ್ಗ
18 ಡಿಸೆಂಬರ್ 2025

ನಾಣಿ,

ದಾರಿಯುದ್ದಕ್ಕೂ ನೀನೊಬ್ಬನೇ ಮಾತಾಡಿದೆ, ಕಾರಿನಲ್ಲಿ ನನಗೆ ಮಾತಾಡುವ ಕಷ್ಟವನ್ನೇ ಕೊಡಲಿಲ್ಲ. ಅದು ನಿನ್ನ ಉಪಕಾರವೋ ಸ್ವಭಾವವೋ ಎಂದು, ಜೊತೆಗೆ ಬಂದಿದ್ದ ಶುಭಾ ಅವರನ್ನು ಇಳಿದ ಮೇಲೆ ಕೇಳಿದೆ. "ಸ್ವಭಾವಾನೇ, ಅನುಮಾನ ಬೇಡ" ಎಂದರು.

ಆ ದಿನ ನೀನು ಎಂಜಿನ್ ಮೇಲೆ ವಿಶಲ್ಲಿನ ಹಗ್ಗ ಹಿಡಿದುಕೊಂಡಿದ್ದೆ, ಬೆನ್ನು ನಮ್ಮ ಕಡೆ ಇತ್ತು, ಹಬೆಯ ಸದ್ದಿನಲ್ಲಿ ಏನೂ ಕೇಳಿಸಿರಲಾರದು. ಆದ್ದರಿಂದ ಕೆಳಗೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಬರುವಾಗಲೂ ನಾನು ಹೇಳಲಿಲ್ಲ, ಹೇಳಹೋದರೆ ಅಳು ಬರುತ್ತಿತ್ತು.

ಮೈಕಿನವನು "ಈಗ ಪ್ರಾರ್ಥನೆ" ಎಂದ. ಖಾಲಿ ಬಿಟ್ಟಿದ್ದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಎದ್ದು ನಿಂತರು, ಯಾರೂ ಮುಂದೆ ಬರಲಿಲ್ಲ. ಸಿದ್ಧಾರ್ಥ ಕೈ ಕೈ ಹಿಸುಕಿಕೊಂಡು ನಿಂತಿದ್ದ. ಎಂಜಿನ್ ಉಸಿರು ಬಿಡುತ್ತಿತ್ತು. ಅಪ್ಪ ಬಂದು ಬಾಗಿಲಲ್ಲಿ ನಿಂತು ಕಾಯುತ್ತಿದ್ದಾರೆ, ನಾನು ಸುಮ್ಮನಿದ್ದೇನೆ ಅನ್ನಿಸಿತು ನಾಣಿ. ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಎದ್ದೆ. ಮೈಕಿಲ್ಲ, ಶ್ರುತಿಯಿಲ್ಲ. ಬಾಯಿಗೆ ಬಂದ ದೇವರನಾಮ ಎತ್ತಿಕೊಂಡೆ. ಅದು ನಾಲ್ಕು ಮನೆಯಲ್ಲೇ ಬಂತು, ಇನ್ನೆಲ್ಲಿ ಬರಬೇಕು? ಎರಡು ಕಡೆ ಒಡೆಯಿತು. ಮುಂದಿನ ಸಾಲಿನಲ್ಲಿದ್ದ ಒಬ್ಬಾಕೆ ತಲೆ ತಗ್ಗಿಸಿದಳು, ನಾನು ಅದನ್ನೂ ನೋಡಿದೆ. ನಿಲ್ಲಿಸಲಿಲ್ಲ. ಕೊನೆಯ 'ಸ'ಕ್ಕೆ ಬಂದು ಅಲ್ಲಿ ಹಿಡಿದು ನಿಂತೆ.

ಆಗ ನೀನು ಹಗ್ಗ ಎಳೆದೆ.

ಅದು ಒಮ್ಮೆಗೇ ಐದೂವರೆಯಲ್ಲಿ ಕೂಗಲಿಲ್ಲ ನಾಣಿ. ಡಿಸೆಂಬರಿನ ಚಳಿಗೆ ಹಿತ್ತಾಳೆ ತಣ್ಣಗಿತ್ತು, ಒಳಗೆಲ್ಲ ಗಾಳಿ ತುಂಬಿತ್ತು. ಮೊದಲು ನೀರು ಉಗುಳಿತು, ಕೆಮ್ಮಿತು. ಆಮೇಲೆ ನಾಲ್ಕು ಮನೆಯಲ್ಲಿ ಹಿಡಿಯಿತು. ನಾನು ಹಿಡಿದು ನಿಂತಿದ್ದ ಅದೇ 'ಸ'ವನ್ನು. ಅದೂ ನಾನೂ ಒಂದು ಗಳಿಗೆ ಒಂದೇ ದನಿಯಾಗಿದ್ದೆವು. ಒಡಕೂ ಒಂದೇ ಥರ ಇತ್ತು. ಹಬೆ ಏರಿದ ಹಾಗೆ ಅದು ನಿಧಾನವಾಗಿ ಮೇಲಕ್ಕೆ ಹೊರಟಿತು. ಐದು ದಾಟಿತು, ಐದೂವರೆಗೆ ಹೋಗಿ ನಿಂತಿತು. ನನ್ನ ಈಗಿನ ಗಂಟಲಿನಿಂದ ಹೊರಟು ನನ್ನ ಹಳೆಯ ಗಂಟಲಿಗೆ ಹೋಗಿ ನಿಂತಿತು ಕಣೋ. ನಾನು ಕೆಳಗೇ ಇದ್ದೆ. ಕೈಬಿಟ್ಟು ಹೋಯಿತು ಅನ್ನಿಸಲಿಲ್ಲ. ಪ್ರತಿ ದಿನ ಬೆಳಿಗ್ಗೆ ಷೆಡ್ಡಿನಲ್ಲಿ ಮೊದಲನೇ ಕೂಗು ಹೀಗೇ ಕೆಳಗಿನಿಂದ ಹತ್ತುತ್ತಿದ್ದಿರಬೇಕು. ನನಗೆ ಗೊತ್ತಿದ್ದದ್ದು ದಿನವೆಲ್ಲ ಓಡಿ ಕಾದಿದ್ದ ಸಂಜೆಯ ಕೂಗು ಮಾತ್ರ.

ಅತ್ತುಬಿಟ್ಟೆ. ಎಲ್ಲರೆದುರು, ಮರ್ಯಾದೆ ಬಿಟ್ಟು. ತಲೆ ತಗ್ಗಿಸಿದ್ದ ಆ ಹೆಂಗಸೇ ಬಂದು ಕೈ ಹಿಡಿದುಕೊಂಡಳು.

ನಿನ್ನೆ ಸಂಜೆ ಬೀದಿಯ ಮೂರು ಮಕ್ಕಳನ್ನು ಕರೆಸಿ ಪಾಠಕ್ಕೆ ಕೂರಿಸಿದೆ. ಎರಡು ವರ್ಷದಿಂದ ಮುಚ್ಚಿಟ್ಟಿದ್ದ ಶ್ರುತಿಪೆಟ್ಟಿಗೆಯ ಧೂಳು ಒರೆಸಿ ನಾಲ್ಕಕ್ಕೆ ಇಟ್ಟೆ. ಸರಳೆ ಹೇಳಿಕೊಟ್ಟೆ. ನನ್ನ ದನಿ ಯಾಕೆ ಹೀಗಿದೆ ಎಂದು ಯಾರೂ ಕೇಳಲಿಲ್ಲ. ನಾನು ಹೇಳಿದ ಹಾಗೇ ಹೇಳಿದರು.

ಸೀತಾ